ನೆನಪಿಲ್ಲದ ಋಣ

ಹಸಿಗೂಸು ಹಗಲು-ರಾತ್ರಿ ಕೂಡಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಷ್ಟೂ ಸಲ ತಾಯಿ ಏಳಬೇಕು. ದೊಡ್ಡವರಾದ ಮ್ಯಾಲೆ ನಮಗ ಅದರಾಗಿನ ಒಂದೂ ನೆನಪಿರೂದಿಲ್ಲ. ನೆನಪಿಲ್ಲದ್ದಕ್ಕ ಋಣ ಇಲ್ಲೇನು?

ಐತಿ. ನಮ್ಮ ಜತ್ತ ಸೀಮೆಯ ಹಿಂಗಾರಿ ಜೋಳ, ಬಿತ್ತೂಕಿಂತ ಮೊದಲು ಬಿದ್ದ ಮಳೆಯ ಹಸಿಯ ಮ್ಯಾಲೆ ಬೆಳೆಯುತ್ತದೆ. ಆ ಮಳಿ ಜೋಳ ಕಂಡಿಲ್ಲ. ತೆನಿಯೊಳಗ ಇರೂದು ಅದ.

ಈ ಋಣ ತಾಯಿಗೆ ಹೊಳ್ಳಿ ಕೊಡಾಕ ಬರೂದಿಲ್ಲ, ಮುಂದಿನ ಕೂಸಿಗೆ ಕೊಡಬೇಕು. ಗಂಡಸರ ಮ್ಯಾಲೂ ಐತಿ. ಹಾಲು ಕುಡಿಸೂದು ನಮ್ಮಿಂದ ಆಗೂದಿಲ್ಲ, ಖರೆ. ತೇಗು ಬರೂತನಕ ಹೆಗಲಿಗೆ ಹಾಕೂದು, ಒದ್ದಿ ಅರಿವಿ ಬದಲಿಸೂದು, ತೊಟ್ಟಿಲ ತೂಗೂದು ಆಗತೈತಿ. ಜೋಗುಳಕ್ಕ ಹೆಣ್ಣಿನ ದನಿನೇ ಬೇಕಂತಿಲ್ಲ. ನನ್ನ ಒಡಕ ದನಿಗೂ ಮೊಮ್ಮಗ ಕಣ್ಣು ಮುಚ್ಚತಾನ. ಅಂವಗ ನಾ ನೆನಪಿರೂದು ಬ್ಯಾಡ. ಮುಂದ ತನ್ನ ಕೂಸು ಅತ್ತಾಗ ಎದ್ರ ಸಾಕು.