ದೇವಾಲಯದಲ್ಲಿ ಯಾರ ಸ್ಥಳ ಎಲ್ಲಿ?

ದಸರೆಯ ಕಾಲದಲ್ಲಿ ಮೈಸೂರಿಗೆ ಹೋದ ನಮ್ಮ ಹಳ್ಳಿಗಳವರು ಚಾಮುಂಡಿ ಬೆಟ್ಟವನ್ನು ಹತ್ತದೆ ಹಿಂದಿರುಗುವದು ಅಪರೂಪ. ದೊಡ್ಡ ದೇವರಾಜ ಒಡೆಯರ ಕಾಲದ ಮೆಟ್ಟಲುಗಳನ್ನೂ ಒಂದೇ ಬಂಡೆಯಲ್ಲಿ ಕಡೆದ ನಂದಿಯನ್ನೂ ದಾಟಿ, ಮೇಲೆ ನಿಂತು ಪಟ್ಟಣವನ್ನು ನೋಡಿದರೆ ಸಂತ ಫಿಲೋಮಿನಾ ದೇವಾಲಯದ ಎರಡು ಶಿಖರಗಳು ಕಾಣುವವು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿವಾರದ ಕಲ್ಲನ್ನಿಟ್ಟ ಆ ರೋಮನ್ ಕಥೋಲಿಕ ದೇವಾಲಯದ ಶಿಖರಗಳು ಸುಮಾರು 175 ಅಡಿ ಎತ್ತರವುಳ್ಳವುಗಳು. ಅದೇ ಪಟ್ಟಣದಲ್ಲಿ ಇಂಗ್ಲಿಷರು 1830ರ ಸುಮಾರಿಗೆ ತಮ್ಮ ದೇಶದ ರೀತಿಯಲ್ಲಿ ಕಟ್ಟಿಸಿದ ಸಂತ ಬಾರ್ತಲೊಮಾಯನ ದೇವಾಲಯವು ಅಷ್ಟು ದೂರಕ್ಕೆ ಎದ್ದು ಕಾಣುವಂಥದ್ದಲ್ಲ. ಆದರೆ ಒಳಗೆ ಹೋದವರು ಅದರ ಸಾಲು ಬೆಂಚುಗಳನ್ನು ಮರೆಯರು. ಊರಿಗೆ ಬಂದ ಮೇಲೆ ಅವರು ಕೇಳುವದು ಇದನ್ನೇ: ನಾವು ಮಾತ್ರ ಚಾಪೆಯ ಮೇಲೆ ಕೂಡ್ರುವದು ಸರಿಯೋ?

ಇದು ಸಣ್ಣ ಪ್ರಶ್ನೆಯಲ್ಲ. ಇಂಗ್ಲೆಂಡಿನ ಹಳ್ಳಿಗಳ ಪುರಾತನ ದೇವಾಲಯಗಳಲ್ಲಿ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿಯು ಸಾಮಾನ್ಯವಾಗಿ ಬಾಗಲ ಸಮೀಪದಲ್ಲಿರುವದು. ಯಾಕಂದರೆ ಸಭೆಯೊಳಗೆ ಸೇರುವ ದಾರಿ ಅದೇ. ಕರ್ತನ ಭೋಜನದ ಮೇಜು ಪೂರ್ವದ ಕೊನೆಯಲ್ಲಿರುವದು. ಇವೆರಡರ ನಡುವೆ ಜನರ ಸ್ಥಳ. ಬಹು ಕಾಲ ಆ ಸ್ಥಳವು ಬರಿದಾದ ನೆಲವೇ ಆಗಿತ್ತು. ಜನರು ನಿಲ್ಲುವರು, ಮೊಣಕಾಲೂರುವರು. ವೃದ್ಧರಿಗೂ ಬಲಹೀನರಿಗೂ ಕೆಲವು ಕಡೆ ಗೋಡೆಯ ಉದ್ದಕ್ಕೆ ಕಲ್ಲಿನ ಜಗಲಿ ಇರುವದು. ಬೆಂಚುಗಳು ಎಲ್ಲೆಡೆ ಬಂದದ್ದು 15ನೆಯ ಶತಮಾನದ ಸುಮಾರಿಗೆ.

ಆ ಮೇಲೆ ನಡೆದದ್ದನ್ನು ಗಮನಿಸಿರಿ. 17 ಮತ್ತು 18ನೆಯ ಶತಮಾನಗಳಲ್ಲಿ ಬೆಂಚುಗಳ ಸುತ್ತಲೂ ಎತ್ತರವಾದ ಹಲಗೆಯ ಗೋಡೆ ಎದ್ದಿತು, ಅದಕ್ಕೊಂದು ಬಾಗಲು, ಕೆಲವಕ್ಕೆ ಬೀಗ. ಅನೇಕ ಊರುಗಳಲ್ಲಿ ಆಸನಕ್ಕೆ ವರ್ಷದ ಬಾಡಿಗೆ ಗೊತ್ತಾಯಿತು. ಜಮೀನ್ದಾರನ ಆಸನದಲ್ಲಿ ಬೆಂಕಿಗೂಡು ಇದ್ದದ್ದೂ ಉಂಟು. (ಬೋಧಕನ ಪ್ರಸಂಗವು ಎಷ್ಟು ತಣ್ಣಗಿದ್ದರೂ ಅವನಿಗೆ ಚಳಿಯಾಗುತ್ತಿರಲಿಲ್ಲ!) ಬಡವರಿಗೋ ಹಿಂದಿನ ಮೂಲೆ. ಚಿನ್ನದ ಉಂಗುರದವನಿಗೆ ಒಳ್ಳೇ ಪೀಠವನ್ನೂ ಬಡವನಿಗೆ ಕಾಲಬಳಿಯನ್ನೂ ತೋರಿಸುವವರನ್ನು ಯಾಕೋಬನು ತನ್ನ ಪತ್ರಿಕೆಯಲ್ಲಿ ಗದರಿಸಿದ್ದಾನಷ್ಟೆ. ಅದನ್ನು ಓದುತ್ತಿದ್ದ ಸಭೆಯ ಎದುರಿಗೇ ಆ ಬಾಗಲುಗಳಿದ್ದವು. 19ನೆಯ ಶತಮಾನದಲ್ಲಿ ಅಲ್ಲಿಯವರೇ ನಾಚಿ ಬಹಳ ಕಡೆಗಳಲ್ಲಿ ಅವುಗಳನ್ನು ಕಿತ್ತುಹಾಕಿದರು.

ನಮ್ಮ ಸೀಮೆಯಲ್ಲಿ ಯಾರು ಎಲ್ಲಿ ಕೂಡ್ರಬೇಕೆಂಬದು ಹಣಕ್ಕಿಂತಲೂ ಹೆಚ್ಚಾಗಿ ಕುಲವನ್ನು ಹಿಡಿದು ನಡೆದು ಬಂದ ಮಾತು. ಹಟ್ಟಿಯವರು ಜಗಲಿಯನ್ನು ಮುಟ್ಟಲಾಗದ ಊರುಗಳಿಂದಲೇ ನಮ್ಮ ಹಿರಿಯರು ಸಭೆಗೆ ಬಂದರು. ಒಂದೇ ಚಾಪೆಯ ಮೇಲೆ ಒಬ್ಬರ ಸೆರಗು ಒಬ್ಬರಿಗೆ ತಗಲುವಂತೆ ಕೂತಾಗ ಕೆಲವರಿಗೆ ಮೈ ನಡುಗಿರಬೇಕು, ಕೆಲವರಿಗೆ ಕಣ್ಣು ತುಂಬಿರಬೇಕು. ಆ ಚಾಪೆಯನ್ನು ಬಡತನದ ಗುರುತೆಂದು ನಾವು ಎಣಿಸೆವು.

ಹಾಗಾದರೆ ಬೆಂಚು ಪಾಪವೋ? ಅಲ್ಲ, ಅಂದವಾದ ಮಂದಿರವೂ ಪಾಪವಲ್ಲ. ಆದರೆ ದಾನ ಮಾಡಿದವರ ಹೆಸರನ್ನು ಬೆಂಚಿನ ಬೆನ್ನಿಗೆ ಬರಸುವದಾದರೆ, ಮುಂದಿನ ಆದಿತ್ಯವಾರ ಅದರ ಮೇಲೆ ಬೇರೊಬ್ಬನು ಧೈರ್ಯವಾಗಿ ಕೂಡ್ರುವನೋ ಎಂದು ಹಿರಿಯರು ಮೊದಲು ವಿಚಾರಿಸಲಿ. ಕೈಯಲ್ಲಿ ಸ್ವಲ್ಪವೇ ಹಣವಿರುವ ಸಭೆಯು ಆ ಹಳೇ ಕಲ್ಲಿನ ಜಗಲಿಯ ರೀತಿಯನ್ನು ಹಿಡಿದು, ಗೋಡೆಯ ಪಕ್ಕದಲ್ಲಿ ಎರಡು ಬೆಂಚುಗಳನ್ನು ಹಾಕಿಸಲಿ; ಮೊಣಕಾಲು ನೋವಿನ ಅಜ್ಜಿಯರಿಗೂ ತುಂಬಿದ ಬಸುರಿಯರಿಗೂ ಅವು ಈ ವಾರವೇ ಬೇಕಾಗಿರುವವು.