ಹಿಡಿಯದೆ ನೋಡಲಾದೀತೇ?

"ಇಲಿಗೆ ನೋವಾಗಲ್ವೇನೋ?" ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅರಿವಳಿಕೆ ಕೊಟ್ಟೇ ತಲೆಬುರುಡೆಯಲ್ಲಿ ಗಾಜಿನ ಕಿಂಡಿ ಕೂರಿಸುತ್ತೇವೆ, ಆಮೇಲೆ ನೋವಿಗೆ ಔಷಧಿ ಕೊಡುತ್ತೇವೆ, ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಅಮ್ಮ "ಹೂಂ" ಅಂದಳು. ಅದು ಒಪ್ಪಿಗೆಯ ಹೂಂ ಅಲ್ಲ.

ನಾನಾಗ ನರಕೋಶಗಳ ಚಟುವಟಿಕೆಯನ್ನು ಕಣ್ಣಿಂದ ನೋಡುವ ಕೆಲಸ ಕಲಿಯುತ್ತಿದ್ದೆ. ನರಕೋಶ ಮಿಡಿದಾಗ ಅದರೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ಕ್ಯಾಲ್ಸಿಯಂ ಸೋಕಿದರೆ ಹೊಳಪು ಬದಲಿಸುವ ಅಣುವೊಂದನ್ನು ಒಳಗಿಟ್ಟರೆ ಮಿಡಿತ ಬೆಳಕಾಗಿ ಕಾಣುತ್ತದೆ. ಇಡುವುದೇ ಕಷ್ಟ, ವಿದ್ಯುದಾವೇಶವಿರುವ ಅಣುವನ್ನು ಕೋಶದ ಪೊರೆ ಒಳಬಿಡುವುದಿಲ್ಲ. ರೋಜರ್ ಚೆನ್ 1981ರಲ್ಲಿ ಅದಕ್ಕೊಂದು ಉಪಾಯ ಪ್ರಕಟಿಸಿದರು. ಆವೇಶಗಳಿಗೆ ಎಸ್ಟರಿನ ಮುಸುಕು ಹಾಕಿದರೆ ಅಣು ಸಲೀಸಾಗಿ ಒಳಹೋಗುತ್ತದೆ, ಅಲ್ಲಿ ಕೋಶದ ಕಿಣ್ವಗಳೇ ಮುಸುಕನ್ನು ಕತ್ತರಿಸುತ್ತವೆ, ಅಣು ಹೊರಬರಲಾಗದೆ ಸಿಕ್ಕಿಕೊಳ್ಳುತ್ತದೆ. ಮೊದಲ ಸಲ ಓದಿದಾಗ ಎದ್ದು ಚಪ್ಪಾಳೆ ತಟ್ಟೋಣ ಅನಿಸಿತ್ತು. ಈಗಲೂ ಅನಿಸುತ್ತದೆ, ಸ್ವಲ್ಪ ಮುಜುಗರದೊಂದಿಗೆ.

ನಾನು ಬಳಸುತ್ತಿದ್ದದ್ದು ಬಣ್ಣವಲ್ಲ, ಜಿಕ್ಯಾಂಪ್ ಎಂಬ ಪ್ರೋಟೀನು. ಜೆಲ್ಲಿ ಮೀನಿನ ಹಸಿರು ಪ್ರೋಟೀನಿಗೆ ಕ್ಯಾಲ್ಸಿಯಂ ಗುರುತಿಸುವ ಭಾಗವನ್ನು ಬೆಸೆದು ಜುನಿಚಿ ನಕಾಯಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ್ದು. ಅದರ ಜೀನನ್ನು ವೈರಸ್ಸಿನ ಬೆನ್ನೇರಿಸಿ ಕಳಿಸಿದರೆ ಸಾಕು, ತನ್ನ ಮೇಲಿನ ಗೂಢಚಾರನನ್ನು ಕೋಶ ತಾನೇ ತಯಾರಿಸಿಕೊಡುತ್ತದೆ. ಆದರೆ ಈ ಗೂಢಚಾರ ಕ್ಯಾಲ್ಸಿಯಮ್ಮನ್ನು ದೂರ ನಿಂತು ನೋಡುವುದಿಲ್ಲ, ಹಿಡಿದುಕೊಳ್ಳುತ್ತಾನೆ. ಹೆಚ್ಚು ತುಂಬಿದರೆ ಕೋಶವೇ ಕಾಯಿಲೆ ಬೀಳುತ್ತದೆ. ಮುಟ್ಟದೆ ನೋಡುವ ದಾರಿ ಇಲ್ಲಿಲ್ಲ; ಎಷ್ಟು ಮುಟ್ಟಬಹುದು ಎಂಬ ಲೆಕ್ಕ ಮಾತ್ರ ಇದೆ.

ಇಲಿಯ ವಿಷಯದಲ್ಲೂ ಅಷ್ಟೆ. ಕಿಂಡಿಯಿಂದಾಗಿ ಒಂದೇ ಇಲಿಯನ್ನು ವಾರಗಟ್ಟಲೆ ನೋಡಬಹುದು, ಹಾಗಾಗಿ ಕಡಿಮೆ ಇಲಿಗಳು ಸಾಕು ಎನ್ನುತ್ತೇವೆ. ನಿಜ. ಆ ಒಂದು ಇಲಿ ವಾರಗಟ್ಟಲೆ ತಲೆ ಅಲುಗಿಸದಂತೆ ಸೂಕ್ಷ್ಮದರ್ಶಕದಡಿ ಸಿಕ್ಕಿಕೊಂಡಿರಬೇಕು ಎಂಬುದೂ ನಿಜ. ಮೀಸೆಗೆ ಗಾಳಿ ಊದಿದಾಗ ಪರದೆಯ ಮೇಲೆ ಕೋಶಗಳು ಮಿನುಗುತ್ತವೆ. ಒಂದೆರಡು ಮಿಲಿಸೆಕೆಂಡಿನ ಮಿಡಿತಕ್ಕೆ ಎಷ್ಟೋ ಹೊತ್ತು ಆರದ ಬೆಳಕು. ಅಮ್ಮ ಕೇಳಿದ್ದು ಆ ಬೆಳಕಿನಲ್ಲಿ ಎಲ್ಲಿದೆ ಎಂದು ಹುಡುಕಿದ್ದೇನೆ. ಇಲಿಗೆ ಅದು ಗಾಳಿಯೋ, ಹೆದರಿಕೆಯೋ? ನನ್ನ ಕಡತದಲ್ಲಿ ಅದರ ಹೆಸರು "ಪ್ರತಿಕ್ರಿಯೆ".

ಅಮ್ಮನಿಗೆ ಇನ್ನೊಂದು ಮಾತನ್ನೂ ಹೇಳಿದ್ದೆ: "ಮಾವನಂಥವರಿಗೆ ಮುಂದೆ ಉಪಯೋಗ ಆಗುತ್ತೆ." ಅವಳ ತಮ್ಮನಿಗೆ ಮೂರ್ಛೆರೋಗ. ಬಚ್ಚಲಲ್ಲಿ ಬಿದ್ದವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಅವಳು. ಇಂಥ ಸಾಧನಗಳಿಂದ ಮೂರ್ಛೆಯನ್ನೂ ಅಧ್ಯಯನ ಮಾಡುತ್ತಾರೆ, ಹೌದು. ಆದರೆ ನನ್ನ ಪ್ರಯೋಗ ಮೀಸೆಯದ್ದು. ನನ್ನ ಕುತೂಹಲಕ್ಕೆ ಮಾವನ ಕಾಯಿಲೆಯನ್ನು ಕೇಳದೆ ಕಡ ತಂದಿದ್ದೆ. ಬರೀ ಕುತೂಹಲ ಎಂದಿದ್ದರೆ ಆ ಇಲಿಯ ಮುಂದೆ ಅದು ನಿಲ್ಲುತ್ತಿತ್ತೇ? ನಿಲ್ಲಬಹುದು ಎಂದು ಕೆಲವು ದಿನ ಅನಿಸುತ್ತದೆ. ಎಲ್ಲಾ ದಿನವೂ ಅಲ್ಲ.

ಮುಂದಿನ ತಿಂಗಳು ಅಮ್ಮ ಇಲಿಯ ಸಮಾಚಾರ ಕೇಳಿದಳು. ಪ್ರಯೋಗ ಮುಗಿದಿತ್ತು, ಅದನ್ನು ಕೊಂದು, ಮಿದುಳನ್ನು ತೆಳ್ಳಗೆ ಸೀಳಿ, ಜಿಕ್ಯಾಂಪ್ ಎಲ್ಲೆಲ್ಲಿ ಹರಡಿತ್ತೆಂದು ನೋಡಿಯಾಗಿತ್ತು. ಹಾಗೆಯೇ ಹೇಳಿದೆ. ಮಾವನ ಹೆಸರು ತೆಗೆಯಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ?" ಅಂದಳು.