ಬೇಗ ಓಡಿದರೂ ಬೇಗ ಮುಗಿಯದ ಓಟ

ಮ್ಯಾರಥಾನ್ ಓಡುವವರಿಗೆ ಒಂದು ಸಮಾಧಾನವಿದೆ. 42.195 ಕಿಲೋಮೀಟರ್ ದಾಟಿದರೆ ಸಂಕಟವೂ ಮುಗಿಯಿತು. ಜೋರಾಗಿ ಓಡಿದಷ್ಟೂ ಬಿಡುಗಡೆ ಬೇಗ. 24 ಗಂಟೆಗಳ ಓಟದಲ್ಲಿ ಈ ಸಮಾಧಾನವೇ ಇಲ್ಲ. ಅಲ್ಲಿ ಗೊತ್ತುಮಾಡಿರುವುದು ದೂರವನ್ನಲ್ಲ, ಹೊತ್ತನ್ನು. ನೀವು ಓಡಿದರೂ, ನಡೆದರೂ, ಸುಮ್ಮನೆ ಕೂತರೂ ಗಡಿಯಾರ ತನ್ನ ಪಾಡಿಗೆ ತಾನು ಸಾಗುತ್ತದೆ. ಹಾಗಾದರೆ ಓಡುವುದೇಕೆ? ಇದನ್ನು ಇಷ್ಟು ನೇರವಾಗಿ ಕೇಳುವ ಇನ್ನೊಂದು ಆಟವನ್ನು ನಾನು ಕಾಣೆ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2022ರ ಜುಲೈನಲ್ಲಿ ಏಷ್ಯಾ–ಓಷಿಯಾನಿಯಾ 24 ಗಂಟೆ ಚಾಂಪಿಯನ್‌ಷಿಪ್ ನಡೆದಾಗ ಅಮರ್ ಸಿಂಗ್ ದೇವಂದಾ 258.418 ಕಿಲೋಮೀಟರ್ ಓಡಿ ಗೆದ್ದರು. 400 ಮೀಟರಿನ ಟ್ರ್ಯಾಕಿನಲ್ಲಿ ಅದು 646 ಸುತ್ತು. ಕಷ್ಟ ಇರುವುದು ಆ ಸಂಖ್ಯೆಯಲ್ಲಿ ಮಾತ್ರವಲ್ಲ, ಸುತ್ತಿನಲ್ಲೇ. ಕಾಡುಬೆಟ್ಟಗಳ ಓಟದಲ್ಲಿ ನಡುರಾತ್ರಿ ಸೋತು ನಿಂತರೂ ಮುಂದಿನ ಶಿಬಿರದವರೆಗೆ ನಡೆಯಲೇಬೇಕು. ಟ್ರ್ಯಾಕಿನಲ್ಲಿ ಹಾಗಲ್ಲ. ಎರಡು-ಮೂರು ನಿಮಿಷಕ್ಕೊಮ್ಮೆ ಅದೇ ಮೇಜು ಎದುರಾಗುತ್ತದೆ: ಉಪ್ಪು ಉದುರಿಸಿದ ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಓಆರ್‌ಎಸ್ ನೀರು, ಪಕ್ಕದಲ್ಲೊಂದು ಖಾಲಿ ಕುರ್ಚಿ. ಕೂತರೆ ಯಾರೂ ಬೈಯುವುದಿಲ್ಲ, ಓಟದಿಂದ ಹೊರಗೂ ಹಾಕುವುದಿಲ್ಲ. ಬೆಳಗ್ಗೆ ತೊಟ್ಟ ಛಲ ರಾತ್ರಿ ಎರಡು ಗಂಟೆಗೆ ಕೆಲಸಕ್ಕೆ ಬರುವುದಿಲ್ಲ. ಕುರ್ಚಿ ಕಂಡಾಗಲೆಲ್ಲ ಮತ್ತೆ ಹೊಸದಾಗಿ ನಿರ್ಧರಿಸಬೇಕು. ಸ್ವಾತಂತ್ರ್ಯ ಎಂದರೆ ಹಗುರಾಗುವುದು ಎಂದುಕೊಂಡವರು ಈ ಟ್ರ್ಯಾಕನ್ನು ಒಮ್ಮೆ ನೋಡಬೇಕು. ಇಲ್ಲಿ ಅದು ಹೊರೆ.

ಇದನ್ನು ಮನಸ್ಸು ದೇಹವನ್ನು ಗೆದ್ದ ಕಥೆಯಾಗಿ ಹೇಳುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಬೆಳಗಿನ ಜಾವ ಮೂರು-ನಾಲ್ಕರ ಹೊತ್ತಿಗೆ ದೇಹದ ಉಷ್ಣತೆ ತೀರಾ ಇಳಿದಿರುತ್ತದೆ, ರೆಪ್ಪೆ ಭಾರ, ಹೊಟ್ಟೆ ಏನನ್ನೂ ಬೇಡವೆನ್ನುತ್ತದೆ. ಆಗಲೇ ‘ಇದೆಲ್ಲ ಯಾವ ಪುರುಷಾರ್ಥಕ್ಕೆ?’ ಎಂಬ ಪ್ರಶ್ನೆ, ದೊಡ್ಡ ತತ್ತ್ವದಂತೆ ಏಳುವುದು. ಅರ್ಧ ಲೋಟ ಸಿಹಿ ಚಹಾ, ಎರಡು ಬಿಸ್ಕತ್ತು ಒಳಗೆ ಹೋಗಿ ಕಾಲು ಗಂಟೆ ಕಳೆದರೆ ಎಷ್ಟೋ ಸಲ ಆ ಪ್ರಶ್ನೆ ತಾನಾಗಿ ಕರಗುತ್ತದೆ. ರಕ್ತದ ಸಕ್ಕರೆಯೊಂದಿಗೆ ಏರಿಳಿಯುವ ಮನಸ್ಸನ್ನು ದೇಹದ ಒಡೆಯನೆಂದು ಕರೆಯುವುದು ಹೇಗೆ? ಲಿಥುವೇನಿಯಾದ ಅಲೆಕ್ಸಾಂಡರ್ ಸೊರೊಕಿನ್ 2022ರಲ್ಲಿ ಇಟಲಿಯ ವೆರೊನಾದಲ್ಲಿ 319.614 ಕಿಲೋಮೀಟರ್ ಓಡಿದರು. ಸರಾಸರಿ ಕಿಲೋಮೀಟರಿಗೆ ಸುಮಾರು ನಾಲ್ಕೂವರೆ ನಿಮಿಷ. ದೇಹದ ಮೇಲೆ ಹಗೆ ಸಾಧಿಸುತ್ತ ಅಷ್ಟು ದೂರ ಹೋಗಲಾಗದು. ಅದರ ಮಾತು ಕೇಳಿಸಿಕೊಳ್ಳುತ್ತ, ಕೆಲವನ್ನು ನಡೆಸಿಕೊಟ್ಟು ಕೆಲವನ್ನು ಮುಂದೂಡಬೇಕು.

ಹೊಟ್ಟೆಪಾಡಿಗಾಗಿ ದಿನವಿಡೀ ನಿಲ್ಲುವವರ ನಾಡಿನಲ್ಲಿ ಇದು ಉಳ್ಳವರ ಖಯಾಲಿಯಲ್ಲವೇ? ಈ ಆಕ್ಷೇಪ ಸಣ್ಣದಲ್ಲ. ಬಟ್ಟೆ ಅಂಗಡಿಗಳಲ್ಲಿ ಹತ್ತು-ಹನ್ನೆರಡು ಗಂಟೆ ನಿಂತೇ ಸೀರೆ ಬಿಚ್ಚಿ ತೋರಿಸುವ ಹೆಣ್ಣುಮಕ್ಕಳ ಕಾಲೂ ಊದಿಕೊಳ್ಳುತ್ತದೆ. ಅಂಥ ಕೆಲಸಗಾರರಿಗೆ ಕೂರುವ ಹಕ್ಕು ಕೊಡಲು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ನೋವಿಗೇ ಬೆಲೆಯಿದ್ದಿದ್ದರೆ ಪದಕ ಮೊದಲು ಅವರ ಕೊರಳಿಗೆ ಬೀಳಬೇಕಿತ್ತು. ಓಟದಲ್ಲಿ ಬೆಲೆಯಿರುವುದು ನೋವಿಗಲ್ಲ, ಕುರ್ಚಿ ಇದ್ದೂ ಎದ್ದು ಹೋಗುವುದಕ್ಕೆ. ಕುರ್ಚಿಯನ್ನೇ ಕಸಿದುಕೊಂಡು ‘ಎಷ್ಟು ಸಹನೆ ನೋಡಿ’ ಎಂದು ದುಡಿಯುವವರನ್ನು ಹೊಗಳುವುದು ಕ್ರೌರ್ಯ. ಓಟಗಾರನ ಸಹನೆಯನ್ನು ಕಾರ್ಮಿಕರಿಗೆ ಪಾಠವಾಗಿ ಹೇಳುವ ಭಾಷಣಗಳು ನನಗೆ ಸಿಟ್ಟು ತರಿಸುವುದು ಇದೇ ಕಾರಣಕ್ಕೆ.

ಓಟದಲ್ಲಿ ಕೂರುವ ಆಯ್ಕೆಯೂ ನಿಜವಾಗಿರಬೇಕಾದರೆ ಕೂತವರನ್ನು ಸೋತವರೆಂದು ಕರೆಯಬಾರದು. ವಿಪರೀತ ನೀರು ಕುಡಿದು ರಕ್ತದ ಸೋಡಿಯಂ ಕುಸಿಯಬಹುದು, ಸ್ನಾಯು ಒಡೆದು ಮೂತ್ರ ಕಂದುಬಣ್ಣಕ್ಕೆ ತಿರುಗಿ ಕಿಡ್ನಿ ಕೆಡಬಹುದು. ಆಗ ‘ಇನ್ನೊಂದೇ ಸುತ್ತು’ ಎಂದು ಹುರಿದುಂಬಿಸುವವನು ಗೆಳೆಯನಲ್ಲ. ಈ ಓಟದ ನಿಯಮಗಳಿಗೆ ಆ ವಿವೇಕವಿದೆ. 24 ಗಂಟೆ ಮುಗಿದಾಗ ಓಡುತ್ತಿರುವವರ ಕೊನೆಯ ಅರೆಸುತ್ತನ್ನೂ ಮೀಟರ್ ಲೆಕ್ಕದಲ್ಲಿ ಅಳೆದು ಸೇರಿಸುತ್ತಾರೆ. ಹದಿನಾಲ್ಕನೆಯ ಗಂಟೆಗೇ ಸಾಕೆಂದು ಕೂತವರ ದೂರವೂ ಅದೇ ಪಟ್ಟಿಯಲ್ಲಿ, ಅವರ ಹೆಸರಿನ ಮುಂದೆ ದಾಖಲಾಗುತ್ತದೆ.